ಕಣ್ಕಟ್ಟಿನ ಮ್ಯೂಸಿಯಂ, ಮೂರಡಿ ಎತ್ತರದಿಂದ

ಗೋಡೆಯ ಮೇಲೆ ಎರಡು ಕಿತ್ತಳೆ ಬಣ್ಣದ ವೃತ್ತಗಳು. ಒಂದರ ಸುತ್ತ ದೊಡ್ಡ ದೊಡ್ಡ ಬೂದು ವೃತ್ತಗಳು, ಇನ್ನೊಂದರ ಸುತ್ತ ಸಣ್ಣ ಸಣ್ಣವು. ದೊಡ್ಡವರ ಕಣ್ಣಿಗೆ ಸಣ್ಣವುಗಳ ನಡುವೆ ಕೂತಿರುವುದೇ ದೊಡ್ಡದು. "ಎರಡೂ ಒಂದೇ ಅಳತೆ" ಎಂಬ ಫಲಕ ಓದಿ ಅವರು ಬೆರಗಾಗುತ್ತಾರೆ, ನಾಲ್ಕು ವರ್ಷದ ಮಗುವನ್ನು ಕರೆದು ತೋರಿಸುತ್ತಾರೆ. ಮಗು "ಹ್ಞೂಂ, ಎರಡೂ ಒಂದೇ ಅದಾವೆ" ಅಂದು ಮುಂದಿನ ಕೋಣೆಗೆ ಓಡುತ್ತದೆ.

ಮಗುವಿಗೆ ಅರ್ಥವಾಗಲಿಲ್ಲ ಅಂದುಕೊಳ್ಳುವುದು ತಪ್ಪು. ಎಬ್ಬಿಂಗ್‌ಹೌಸ್ ಭ್ರಮೆ ಎಂದು ಹೆಸರಾದ ಈ ಚಿತ್ರ ಪುಟ್ಟ ಮಕ್ಕಳನ್ನು ಅಷ್ಟಾಗಿ ಏಮಾರಿಸುವುದಿಲ್ಲ. ಮನೋವಿಜ್ಞಾನಿ ಮಾರ್ಟಿನ್ ಡೋಹರ್ಟಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಾರಿ ತಪ್ಪಿಸುವಂತೆ ಬರೆದ ಚಿತ್ರಗಳಿಗೆ ಏಳು ವರ್ಷದೊಳಗಿನ ಮಕ್ಕಳೇ ದೊಡ್ಡವರಿಗಿಂತ ನಿಖರವಾಗಿ ಉತ್ತರ ಕೊಟ್ಟಿದ್ದರು. ಹತ್ತು ವರ್ಷದವರು ಕೂಡ ದೊಡ್ಡವರಷ್ಟು ಮೋಸ ಹೋಗಿರಲಿಲ್ಲ. ಒಂದು ವಸ್ತುವನ್ನು ಅದರ ಸುತ್ತಲಿನವುಗಳ ಜತೆ ತೂಗಿ ನೋಡುವ ಚಾಳಿ ನಮಗೆ ನಿಧಾನವಾಗಿ ಅಂಟಿಕೊಳ್ಳುವಂಥದ್ದು.

ಇಂಥ ಮ್ಯೂಸಿಯಂಗಳನ್ನು ಕಟ್ಟಿರುವುದು ಐದಡಿ ಮೇಲಿನವರ ಕಣ್ಣಿನ ಎತ್ತರಕ್ಕೆ, ಫಲಕ ಓದಬಲ್ಲವರಿಗೆ, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಬಲ್ಲವರಿಗೆ. ಮೂರಡಿಯ ಮಗುವಿಗೆ ಈ ಮೂರೂ ಇಲ್ಲ. ದೊಡ್ಡವರು ಮೊದಲು ಮೋಸ ಹೋಗಿ, ಆಮೇಲೆ ಗುಟ್ಟು ತಿಳಿದು ನಗುತ್ತಾರೆ. ಪುಟ್ಟ ಮಕ್ಕಳ ವಿಷಯದಲ್ಲಿ ಇದನ್ನು ತಿರುವಿ ಹಾಕಬೇಕು: ಮೊದಲು ಗುಟ್ಟು, ಆಮೇಲೆ ಆಟ. "ಹೀಗಿರಬೇಕಿತ್ತು" ಎಂಬ ಎಣಿಕೆ ಮನಸ್ಸಿನಲ್ಲಿ ಇದ್ದರೆ ತಾನೇ "ಹೀಗ್ಯಾಕೆ ಕಾಣ್ತದೆ" ಎಂಬ ಅಚ್ಚರಿ ಹುಟ್ಟುವುದು? ಆ ಎಣಿಕೆಯನ್ನು ಮಗುವಿನ ಕೈಗೆ ಮೊದಲೇ ಕೊಟ್ಟು ಒಳಗೆ ಕರೆದೊಯ್ದರೆ ಟಿಕೆಟ್ ದುಡ್ಡು ವಸೂಲಾಗುತ್ತದೆ. ಇಲ್ಲದಿದ್ದರೆ ಮಗುವಿಗೆ ಅದು ಫೋಟೋಗೆ ನಿಲ್ಲಿಸುವ ಜಾಗ, ಅಷ್ಟೇ.

ಯಾವ ವಯಸ್ಸಿಗೆ ಯಾವುದು ಕಾಣುತ್ತದೆ

ಹಾಗಂತ ಮಕ್ಕಳು ಯಾವ ಭ್ರಮೆಗೂ ಬೀಳುವುದಿಲ್ಲ ಅಂತಲ್ಲ. ಎರಡು ಸಮನಾದ ಗೆರೆಗಳಿಗೆ ಒಂದಕ್ಕೆ ಒಳಮುಖ, ಇನ್ನೊಂದಕ್ಕೆ ಹೊರಮುಖ ಬಾಣದ ತುದಿ ಹಚ್ಚಿ, ಒಂದು ಇನ್ನೊಂದಕ್ಕಿಂತ ಉದ್ದ ಕಾಣುವಂತೆ ಮಾಡಿದ ಚಿತ್ರವನ್ನು ನೀವು ಪಠ್ಯಪುಸ್ತಕದಲ್ಲಿ ನೋಡಿರುತ್ತೀರಿ. 1889ರಲ್ಲಿ ಜರ್ಮನಿಯ ಮುಲ್ಲರ್-ಲಯರ್ ಇದನ್ನು ಪ್ರಕಟಿಸಿದರು. ಇದಕ್ಕೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಮೋಸ ಹೋಗುತ್ತಾರೆ, ವಯಸ್ಸು ಏರಿದಂತೆ ಮೋಸ ಇಳಿಯುತ್ತದೆ. ಫ್ರಾನ್ಸಿನ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ 1895ರಲ್ಲೇ ಇದನ್ನು ಗುರುತಿಸಿದ್ದರು. ಅಂದರೆ ಒಂದೊಂದು ಭ್ರಮೆಗೂ ಮಿದುಳಿನಲ್ಲಿ ಬೇರೆ ಬೇರೆ ಕಾರಣ. ಎಲ್ಲಕ್ಕೂ ಒಂದೇ ವಿವರಣೆ ಹುಡುಕಬಾರದು.

ಇವೆಲ್ಲ ನೋಡಿ ನೋಡಿ ಕಲಿತದ್ದೇ, ಹುಟ್ಟಿನಿಂದ ಬಂದದ್ದೇ ಎಂಬ ಪ್ರಶ್ನೆಗೆ ನಮ್ಮ ದೇಶದಿಂದಲೇ ಒಂದು ಸೊಗಸಾದ ಉತ್ತರ ಬಂದಿದೆ. ಹುಟ್ಟಿನಿಂದ ಕಣ್ಣಿನ ಪೊರೆಯಿಂದಾಗಿ ಕಾಣದಿದ್ದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸುವ 'ಪ್ರಾಜೆಕ್ಟ್ ಪ್ರಕಾಶ್' ಎಂಬ ಯೋಜನೆಯನ್ನು ಮಿದುಳು ವಿಜ್ಞಾನಿ ಪವನ್ ಸಿನ್ಹಾ ನಡೆಸುತ್ತಿದ್ದಾರೆ. 8ರಿಂದ 16 ವರ್ಷದ ಒಂಬತ್ತು ಮಕ್ಕಳಿಗೆ, ದೃಷ್ಟಿ ಬಂದ ಕೂಡಲೇ, ಬಾಣದ ಗೆರೆಗಳನ್ನೂ ದೂರಕ್ಕೆ ಕಿರಿದಾಗುತ್ತ ಹೋಗುವ ಹಳಿಗಳಂಥ ಗೆರೆಗಳ ನಡುವೆ ಎರಡು ಸಮನಾದ ಅಡ್ಡಗೆರೆಗಳಿರುವ (ದೂರದ್ದು ಉದ್ದ ಕಾಣುವ) ಪೊಂಜೊ ಚಿತ್ರವನ್ನೂ ತೋರಿಸಿದರು. ಅವರೂ ಮೋಸ ಹೋದರು. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಒಂದು ದಿನವೂ ರೈಲು ಹಳಿ ನೋಡದ ಕಣ್ಣು ಹಳಿಯ ಚಿತ್ರಕ್ಕೆ ಏಮಾರಿದರೆ, ಎಲ್ಲವನ್ನೂ ಅನುಭವದ ತಲೆಗೆ ಕಟ್ಟುವುದು ಕಷ್ಟ.

ಬಾತುಕೋಳಿಯೂ ಹೌದು ಮೊಲವೂ ಹೌದು ಎನಿಸುವ ಹಳೆಯ ಚಿತ್ರ ಎಲ್ಲ ಕಡೆ ಇರುತ್ತದೆ. 1892ರಲ್ಲಿ ಜರ್ಮನಿಯ ಹಾಸ್ಯಪತ್ರಿಕೆಯೊಂದರಲ್ಲಿ ಬಂದದ್ದು. ಮೂರು-ನಾಲ್ಕು ವರ್ಷದವರಿಗೆ ಅದರಲ್ಲಿ ಯಾವುದೋ ಒಂದು ಪ್ರಾಣಿ ಕಾಣುತ್ತದೆ, ಕಂಡದ್ದು ಅಲ್ಲೇ ನಿಲ್ಲುತ್ತದೆ. "ಇದು ಕಿವಿ, ಇದೇ ಕೊಕ್ಕು" ಎಂದು ತೋರಿಸಿಕೊಟ್ಟರೂ ಬಹಳಷ್ಟು ಮಕ್ಕಳಿಗೆ ಅದು ಹೊರಳುವುದಿಲ್ಲ. ಐದರ ಆಸುಪಾಸಿನಲ್ಲಿ ತಾನಾಗಿ ಬರುತ್ತದೆ. ಅಲ್ಲಿ ನಿಂತು ಒತ್ತಾಯಿಸಬೇಡಿ.

ಮೂರು ವರ್ಷದವರ ಇನ್ನೊಂದು ತೊಡಕು: "ಹೇಗೆ ಕಾಣುತ್ತದೆ" ಮತ್ತು "ನಿಜಕ್ಕೂ ಏನು" ಎಂಬ ಎರಡು ಪ್ರಶ್ನೆಗಳು ಅವರಿಗೆ ಒಂದೇ. ಅಮೆರಿಕದ ಮನೋವಿಜ್ಞಾನಿ ಜಾನ್ ಫ್ಲೇವೆಲ್ 1980ರ ದಶಕದಲ್ಲಿ ಕಲ್ಲಿನಂತೆ ಬಣ್ಣ ಬಳಿದ ಸ್ಪಂಜನ್ನು ಮಕ್ಕಳ ಕೈಗೆ ಕೊಟ್ಟು ನೋಡಿದರು. ಹಿಸುಕಿ ನೋಡಿದ ಮೂರು ವರ್ಷದವರು "ಇದು ಸ್ಪಂಜು" ಅಂದರು, ಜತೆಗೆ "ಸ್ಪಂಜಿನ ಹಾಗೇ ಕಾಣ್ತದೆ" ಅಂತಲೂ ಅಂದರು. ನಾಲ್ಕೈದು ವರ್ಷಕ್ಕೆ ಈ ಎರಡೂ ಬೇರೆಯಾಗುತ್ತವೆ. ಮ್ಯೂಸಿಯಂನ ಅರ್ಧಕ್ಕರ್ಧ ಆಟಗಳು ನಿಂತಿರುವುದೇ ಈ ಎರಡರ ನಡುವಿನ ಬಿರುಕಿನಲ್ಲಿ. ಹಾಗಾಗಿ ಹಣ ಕೊಟ್ಟು ಹೋಗುವುದಾದರೆ ಮಗುವಿಗೆ ನಾಲ್ಕೂವರೆ-ಐದು ತುಂಬಿರಲಿ. ಎರಡು-ಮೂರು ವರ್ಷದ ತಮ್ಮನೋ ತಂಗಿಯೋ ಜತೆಗೆ ಬರುತ್ತದೆಂದರೆ ಬರಲಿ, ಅದಕ್ಕೆ ಕನ್ನಡಿಗಳೇ ಸಾಕು.

ಹೊರಡುವ ಮೊದಲು, ಊರಲ್ಲೇ

ದಾವಣಗೆರೆ, ಚಿತ್ರದುರ್ಗದ ಬಹುತೇಕ ಮನೆಗಳಿಗೆ ಇಂಥ ಭೇಟಿ ಅಂದರೆ ಬೆಂಗಳೂರಿನ ಪ್ರಯಾಣವೇ. ದಾವಣಗೆರೆಯಿಂದ ಸುಮಾರು 260 ಕಿ.ಮೀ., ದುರ್ಗದಿಂದ ಸುಮಾರು 200. ಆ ದಾರಿ ವ್ಯರ್ಥವಾಗಬೇಕಿಲ್ಲ. ಅಲ್ಲಿ ಕಾಣುವ ಭ್ರಮೆಗಳ ಅರ್ಧ ಪಾಠ ದಾರಿಯಲ್ಲೇ ಇದೆ.

ಮೊದಲಿಗೆ ಮನೆಯಲ್ಲಿ ಮಾಡುವ ಒಂದು ಕೆಲಸ. ದಪ್ಪ ಕಾಗದದ ಮೇಲೆ ಒಂದೇ ಕೇಂದ್ರದಿಂದ 20 ಸೆಂ.ಮೀ. ಮತ್ತು 12 ಸೆಂ.ಮೀ. ತ್ರಿಜ್ಯದ ಎರಡು ಕಮಾನು ಎಳೆಯಿರಿ. 60 ಡಿಗ್ರಿಯಷ್ಟು ಅಗಲಕ್ಕೆ ಎರಡೂ ಬದಿ ಗೆರೆ ಹಾಕಿ ಕತ್ತರಿಸಿ. ಬಾಗಿದ ಪಟ್ಟಿ ಸಿಗುತ್ತದೆ. ಅದನ್ನೇ ಅಚ್ಚಾಗಿಟ್ಟು ಇನ್ನೊಂದು ಬಣ್ಣದ ಕಾಗದದಲ್ಲಿ ಮತ್ತೊಂದನ್ನು ಕತ್ತರಿಸಿ. ಉಬ್ಬು ಮೇಲಕ್ಕಿರುವಂತೆ ಒಂದರ ಕೆಳಗೊಂದು ಇಟ್ಟರೆ ಕೆಳಗಿನದು ಎದ್ದು ಕಾಣುವಷ್ಟು ಉದ್ದ ಅನಿಸುತ್ತದೆ. ಜಾಗ ಬದಲಿಸಿ: ಈಗ ಇನ್ನೊಂದು ಬಣ್ಣದ್ದು ಉದ್ದ. ಮೇಲಿನ ಪಟ್ಟಿಯ ಗಿಡ್ಡ ಅಂಚು ಕೆಳಗಿನ ಪಟ್ಟಿಯ ಉದ್ದ ಅಂಚಿಗೆ ತಾಗಿಕೊಂಡಿರುವುದರಿಂದ ಕಣ್ಣು ಆ ಎರಡು ಅಂಚುಗಳನ್ನೇ ಹೋಲಿಸಿಬಿಡುತ್ತದೆ. ಇದರ ಬೆಲೆ ಇರುವುದು ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ನೋಡುವುದರಲ್ಲಿ. ಅಂಚಿಗೆ ಅಂಚು ಕೂತದ್ದನ್ನು ಮಗು ತನ್ನ ಬೆರಳಿನಿಂದ ಸವರಿ ನೋಡಲಿ. "ಹೇಗೆ ಕಾಣ್ತದೆ? ನಿಜಕ್ಕೂ ಹೇಗದೆ?" ಎಂಬ ಜೋಡಿ ಪ್ರಶ್ನೆಯನ್ನು ಇಲ್ಲೇ ರೂಢಿ ಮಾಡಿಸಿ, ಮ್ಯೂಸಿಯಂನಲ್ಲಿ ಪ್ರತಿ ಕೋಣೆಯಲ್ಲೂ ಇದೇ ಎರಡು ಪ್ರಶ್ನೆ ಸಾಕು. ಪಟ್ಟಿ ಕತ್ತರಿಸುವಾಗ ಸೊಟ್ಟಗಾದರೆ ಆಟವೇ ಕೆಡುತ್ತದೆ, ಏಕೆಂದರೆ ಮಗು ವ್ಯತ್ಯಾಸವನ್ನು ಕತ್ತರಿಯ ತಪ್ಪಿಗೆ ಹಾಕುತ್ತದೆ. ಈ ಕೆಲಸ ದೊಡ್ಡವರದೇ.

ರೈಲಿನಲ್ಲಿ ಹೋಗುವವರು ಕ್ರಾಸಿಂಗಿಗೆ ನಿಂತ ಕಡೆ ಕಿಟಕಿಯ ಪಕ್ಕ ಮಗುವನ್ನು ಕೂರಿಸಿ. ಪಕ್ಕದ ಹಳಿಯ ಗಾಡಿ ಮೆಲ್ಲಗೆ ಹೊರಟಾಗ ನಮ್ಮದೇ ಹೊರಟಿತು ಅನಿಸುತ್ತದೆ. ಆಗ "ಆ ಕಡೆ ಪ್ಲಾಟ್‌ಫಾರಂ ಕಂಬ ನೋಡು" ಅನ್ನಿ. ಕಂಬ ಅಲುಗಿಲ್ಲ, ಹಾಗಾದರೆ ನಾವೂ ಅಲುಗಿಲ್ಲ. ಮ್ಯೂಸಿಯಂನ ತಿರುಗುವ ಸುರಂಗದ ಗುಟ್ಟು ಪೂರ್ತಿ ಇಷ್ಟೇ. ತುಂಬ ಹೊತ್ತು ಓಡುವ ನೆಲವನ್ನೇ ದಿಟ್ಟಿಸಿ, ಗಾಡಿ ನಿಂತ ಕ್ಷಣ ಪ್ಲಾಟ್‌ಫಾರಂ ನೋಡಿದರೆ ಅದು ಮುಂದಕ್ಕೆ ಹರಿದಂತೆ ಅನಿಸುವುದು ಇನ್ನೊಂದು ಭ್ರಮೆ. ಒಂದೇ ದಿಕ್ಕಿನ ಚಲನೆಯನ್ನು ಗುರುತಿಸುವ ನರಕೋಶಗಳು ದಣಿದು ಸುಮ್ಮನಾದಾಗ ಎದುರು ದಿಕ್ಕಿನವುಗಳ ಕೈ ಮೇಲಾಗುತ್ತದೆ. 1834ರಲ್ಲಿ ರಾಬರ್ಟ್ ಆಡಮ್ಸ್ ಎಂಬವರು ಸ್ಕಾಟ್ಲೆಂಡಿನ ಜಲಪಾತವೊಂದನ್ನು ನೋಡಿ, ಪಕ್ಕದ ಬಂಡೆ ಮೇಲೇರಿದಂತೆ ಕಂಡದ್ದನ್ನು ಬರೆದಿಟ್ಟಿದ್ದಾರೆ.

ರಸ್ತೆಯಲ್ಲಿ ಹೋಗುವವರಿಗೆ ದುರ್ಗದ ಗಾಳಿಗಿರಣಿಗಳಿವೆ. ಸಂಜೆ ಬೆಳಕು ಮಂಕಾಗಿ ರೆಕ್ಕೆಗಳು ಆಕಾಶದ ಎದುರು ಬರೀ ಕಪ್ಪು ಗೆರೆಗಳಾಗಿ ಕಾಣುವ ಹೊತ್ತು, ನೇರ ಮುಂದಿನಿಂದ ಅಲ್ಲದೆ ಓರೆಯಾಗಿ ಕಾಣುವ ಒಂದು ಗಿರಣಿಯನ್ನು ಆರಿಸಿಕೊಳ್ಳಿ. ಅದರ ಮುಖ ನಮ್ಮ ಕಡೆಗಿದೆಯೋ ಬೆನ್ನಿದೆಯೋ ಹೇಳಲು ಕಣ್ಣಿಗೆ ಸುಳಿವಿಲ್ಲ. ದಿಟ್ಟಿಸಿ ನೋಡುತ್ತಿದ್ದರೆ ಬಲಕ್ಕೆ ತಿರುಗುತ್ತಿದ್ದದ್ದು ಇದ್ದಕ್ಕಿದ್ದಂತೆ ಎಡಕ್ಕೆ ತಿರುಗತೊಡಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲೇ ಯುರೋಪಿನ ಗಾಳಿಗಿರಣಿಗಳಲ್ಲಿ ದಾಖಲಾದ ಭ್ರಮೆ ಇದು, ನಮಗೆ ಜೋಗಿಮಟ್ಟಿ ಬೆಟ್ಟದ ಬೆನ್ನಿಗೇ ಸಿಕ್ಕಿದೆ. ಐದರ ಮೇಲಿನ ಮಕ್ಕಳಿಗೆ ಮಾತ್ರ ಹೇಳಿ. ಗಾಡಿ ಓಡಿಸುವವರು ಇದನ್ನು ನೋಡಬಾರದು.

ಹುಣ್ಣಿಮೆಗೆ ಮನೆಯಲ್ಲೇ ಇದ್ದರೆ ಚಂದ್ರನನ್ನೂ ಬಿಡಬೇಡಿ. ಕೋಟೆಯ ಗುಡ್ಡದ ಮೇಲೆ ಹುಟ್ಟುವಾಗ ಪರಾತದಷ್ಟು ಕಾಣುವ ಚಂದ್ರ ನೆತ್ತಿಗೆ ಬಂದಾಗ ಕಿರಿದು. ಎರಡೂ ಹೊತ್ತು ಅವನ ಅಗಲ ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿಯೇ. ಕೈ ಚಾಚಿ ಕಿರುಬೆರಳ ಉಗುರಿನಲ್ಲಿ ಎರಡೂ ಸಲ ಮುಚ್ಚಿ ತೋರಿಸಿದರೆ ಮಗು ಒಪ್ಪಿಕೊಳ್ಳುತ್ತದೆ. ಕಾಗದದ ಸುರುಳಿಯಲ್ಲಿ ನೋಡಿದರೆ ಹುಟ್ಟುವ ಚಂದ್ರನೂ ಕುಗ್ಗುತ್ತಾನೆ.

ಸೊಟ್ಟ ಕೋಣೆ

ಎಲ್ಲ ಆಕರ್ಷಣೆಗಳಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಏಮ್ಸ್ ಕೋಣೆಗೆ. ಅಮೆರಿಕದ ವಿಜ್ಞಾನಿ ಅಡೆಲ್ಬರ್ಟ್ ಏಮ್ಸ್ ಇದನ್ನು ರೂಪಿಸಿದರು. ಒಂದು ಮೂಲೆಯಲ್ಲಿ ನಿಂತವರು ದೈತ್ಯ, ಇನ್ನೊಂದರಲ್ಲಿ ನಿಂತವರು ಕುಬ್ಜ. ಹೊರಗಿನ ಸಣ್ಣ ರಂಧ್ರದಿಂದ ನೋಡಿದರೆ ಚೌಕವಾಗಿ ಕಾಣುವ ಕೋಣೆ ನಿಜದಲ್ಲಿ ಚೌಕವಲ್ಲ: ಹಿಂದಿನ ಗೋಡೆ ಓರೆ, ಒಂದು ಮೂಲೆ ಇನ್ನೊಂದಕ್ಕಿಂತ ಸುಮಾರು ಎರಡು ಪಟ್ಟು ದೂರ. ದೂರದ ಮೂಲೆಯ ಕಡೆಗೆ ನೆಲ ಇಳಿಜಾರು, ಚಾವಣಿ ಏರು. ಕಿಟಕಿಗಳನ್ನೂ ನೆಲದ ಚೌಕಗಳನ್ನೂ ಅದೇ ಲೆಕ್ಕದಲ್ಲಿ ಸೊಟ್ಟಗೆ ಬರೆದಿರುತ್ತಾರೆ. ನೋಡುವ ರಂಧ್ರದಿಂದ ಎರಡೂ ಮೂಲೆಗಳು ಕಣ್ಣಿಗೆ ಒಂದೇ ಎತ್ತರದಲ್ಲಿ ಬೀಳುವಂತೆ ಅಳತೆ ಹೊಂದಿಸಿದೆ. ಕೈಯಲ್ಲಿ ಹಿಡಿದೇ ತೂಕ ಹೇಳುವ ತರಕಾರಿ ವ್ಯಾಪಾರಿಯ ಹಾಗೆ ಮಿದುಳು ಹಳೆಯ ಅಂದಾಜಿನ ಮೇಲೆ ನಡೆಯುತ್ತದೆ. ಕೋಣೆ ಅಂದರೆ ಚೌಕ ಎಂದು ಅದು ಮೊದಲೇ ತೀರ್ಮಾನಿಸಿಬಿಟ್ಟಿದೆ. ಕೋಣೆಯ ಮೇಲಿನ ನಂಬಿಕೆ ಬಿಡಲೊಲ್ಲದೆ ಮನುಷ್ಯನ ಎತ್ತರವನ್ನೇ ಬಿಟ್ಟುಕೊಡುತ್ತದೆ.

ಲೆಕ್ಕ ಸರಳ. ದೂರ ಎರಡು ಪಟ್ಟಾದರೆ ಎತ್ತರ ಅರ್ಧ. ಐದಡಿಯ ಅವ್ವ ದೂರದ ಮೂಲೆಯಲ್ಲಿ, ಮೂರಡಿಯ ಮಗು ಹತ್ತಿರದ ಮೂಲೆಯಲ್ಲಿ ನಿಂತರೆ ಅವ್ವ ಎರಡೂವರೆ ಅಡಿಯವಳಂತೆ ಕಂಡು ಮಗುವೇ ಅರ್ಧ ಅಡಿ ಎತ್ತರ. ಮಕ್ಕಳಿಗೆ ಇದಕ್ಕಿಂತ ಖುಷಿ ಇನ್ನೊಂದಿಲ್ಲ. ಸಾಮಾನ್ಯವಾಗಿ ಆಗುವುದು ಉಲ್ಟಾ: ಅಪ್ಪ ಹತ್ತಿರದ ಮೂಲೆಗೆ ಹೋಗಿ ಚಾವಣಿಗೆ ತಲೆ ತಾಗಿಸುತ್ತಾರೆ, ಮೊದಲೇ ಸಣ್ಣದಿರುವ ಮಗು ಇನ್ನೂ ಸಣ್ಣದಾಗುತ್ತದೆ. ದೊಡ್ಡವರು ದೊಡ್ಡವರಾಗಿಯೇ ಕಂಡದ್ದರಲ್ಲಿ ಮಗುವಿಗೆ ಏನು ವಿಶೇಷ?

ಇಲ್ಲಿ ನಡೆಯುವ ದೊಡ್ಡ ತಪ್ಪೆಂದರೆ ಮಗುವನ್ನು ನೇರ ಒಳಗೆ ನಿಲ್ಲಿಸುವುದು. ಒಳಗೆ ನಿಂತವರಿಗೆ ಭ್ರಮೆ ಕಾಣುವುದಿಲ್ಲ. ಇಳಿಜಾರು ನೆಲ, ಓರೆ ಗೋಡೆ ಅಷ್ಟೇ. ಕ್ರಮ ಹೀಗಿರಲಿ. ಮೊದಲು ಮಗುವಿನ ಜತೆ ಕೋಣೆಯೊಳಗೆ ಹೋಗಿ ಒಂದು ಮೂಲೆಯಿಂದ ಇನ್ನೊಂದಕ್ಕೆ ನಡೆಯಿರಿ, ನೆಲ ಇಳಿಯುವುದು ಕಾಲಿಗೆ ತಿಳಿಯಲಿ. ಆಮೇಲೆ ಮಗು ಹೊರಗೆ ರಂಧ್ರದ ಹತ್ತಿರ, ಮನೆಯವರಿಬ್ಬರು ಒಳಗೆ. ಅವರು ಮೂಲೆ ಬದಲಿಸುತ್ತ ನಡೆಯುವಾಗ ಒಬ್ಬರು ಬೆಳೆಯುತ್ತಾರೆ, ಇನ್ನೊಬ್ಬರು ಕುಗ್ಗುತ್ತಾರೆ. ಭ್ರಮೆ ಬಲವಾಗಿ ಕಾಣುವುದು ಈ ನಡಿಗೆಯಲ್ಲೇ. ಫೋಟೋದಲ್ಲಿ ಅರ್ಧವೂ ಸಿಗದು. ಕೊನೆಗೆ ಮಗು ಒಳಗೆ ಹೋಗಲಿ, ಅದನ್ನು ವಿಡಿಯೋ ಮಾಡಿ ತೋರಿಸಿ.

ರಂಧ್ರ ಮಗುವಿಗೆ ಎಟುಕುವುದಿಲ್ಲ, ಎತ್ತಿಕೊಳ್ಳಬೇಕು. ಒಂದೇ ಕಣ್ಣಲ್ಲಿ ನೋಡಬೇಕು, ಏಕೆಂದರೆ ಎರಡು ಕಣ್ಣಿಗೆ ಬೀಳುವ ಎರಡು ಚಿತ್ರಗಳ ವ್ಯತ್ಯಾಸದಿಂದ ಮಿದುಳಿಗೆ ನಿಜವಾದ ದೂರ ಗೊತ್ತಾಗಿಬಿಡುತ್ತದೆ. ಪುಟ್ಟ ಮಕ್ಕಳಿಗೆ "ಒಂದು ಕಣ್ಣು ಮುಚ್ಚು" ಅಂದರೆ ಎರಡೂ ಮುಚ್ಚುತ್ತವೆ. ನಿಮ್ಮ ಅಂಗೈಯನ್ನು ಕಣ್ಣಿಗೆ ಒತ್ತದಂತೆ ಅಡ್ಡ ಹಿಡಿಯಿರಿ. ಫೋನನ್ನು ರಂಧ್ರಕ್ಕೆ ಅಂಟಿಸಿ ಹಿಡಿಯಬೇಕು. ಒಂದು ಗೇಣು ಮೇಲೆ ಹಿಡಿದರೂ ಗೋಡೆ-ನೆಲ ಕೂಡುವ ಗೆರೆ ಓರೆಯಾಗಿ ಗುಟ್ಟು ಬಯಲಾಗುತ್ತದೆ.

ನೆಲದ ಮೇಲಿನ ಹೊಂಡ, ಪೆಟ್ಟಿಗೆ, ಮೊಸಳೆ

ಕಾಲಿಟ್ಟರೆ ಬಿದ್ದೇವು ಅನ್ನುವಂಥ ಹೊಂಡ, ನೆಲದಿಂದ ಎದ್ದು ಬರುವ ಮೊಸಳೆ, ಇವು ಹಿಗ್ಗಿಸಿ ಬರೆದ ಚಿತ್ರಗಳು. ನೆಲದ ಮೇಲೆ ಪಾದದ ಗುರುತೋ ಕ್ಯಾಮೆರಾ ಗುರುತೋ ಇರುತ್ತದೆ; ಅಲ್ಲಿಂದ ಮಾತ್ರ ಚಿತ್ರ ಕೂಡಿಕೊಳ್ಳುತ್ತದೆ. ಕಲಾವಿದರು ಒಂದು ಕಣ್ಣಿನ ಎತ್ತರವನ್ನು ಮೊದಲೇ ಹಿಡಿದುಕೊಂಡು ಬರೆಯುತ್ತಾರೆ. 150 ಸೆಂ.ಮೀ. ಅಂದುಕೊಳ್ಳಿ. ಗುರುತಿನಿಂದ 2 ಮೀಟರ್ ದೂರದಲ್ಲಿ 50 ಸೆಂ.ಮೀ. ಎತ್ತರದ ಪೆಟ್ಟಿಗೆ ನಿಂತಂತೆ ಕಾಣಬೇಕು. ಕಣ್ಣಿನಿಂದ ಪೆಟ್ಟಿಗೆಯ ಮೇಲ್ತುದಿಗೆ ಎಳೆದ ಗೆರೆ ಮುಂದುವರಿದು ನೆಲ ಮುಟ್ಟುವುದು 3 ಮೀಟರಿನಲ್ಲಿ. ಹಾಗಾಗಿ 50 ಸೆಂ.ಮೀ. ಎತ್ತರಕ್ಕೆ ನೆಲದ ಮೇಲೆ 1 ಮೀಟರ್ ಉದ್ದದ ಬಣ್ಣ. ಈಗ ಅದೇ ಗುರುತಿನ ಮೇಲೆ, ಕಣ್ಣು 100 ಸೆಂ.ಮೀ. ಎತ್ತರದಲ್ಲಿರುವ ಮಗು ನಿಂತರೆ ಅದೇ ಬಣ್ಣ ಸುಮಾರು 33 ಸೆಂ.ಮೀ. ಪೆಟ್ಟಿಗೆಯಷ್ಟೇ ಏಳುತ್ತದೆ. ಚಿತ್ರ ಮೂರರಲ್ಲಿ ಎರಡು ಪಾಲಿಗೆ ಕುಸಿದಿರುತ್ತದೆ. ಇದಲ್ಲದೆ ಎರಡು ಕಣ್ಣು, ಅಲುಗಾಡುವ ತಲೆ. "ಇದು ಪೇಂಟು" ಎಂದು ಮಗು ಹೇಳಿದರೆ ಅದು ಕಂಡದ್ದನ್ನೇ ಹೇಳಿದೆ.

ಇದಕ್ಕೆ ಮದ್ದು ಎರಡು. ಒಂದು, ಮಗುವನ್ನು ಎತ್ತಿ ಅದರ ಕಣ್ಣು ನಿಮ್ಮ ಕಣ್ಣಿನ ಮಟ್ಟಕ್ಕೆ ಬರುವಂತೆ ಹಿಡಿದು, ಒಂದು ಕಣ್ಣಿಗೆ ಅಂಗೈ ಅಡ್ಡವಿಡುವುದು. ಇನ್ನೊಂದು, ಫೋನನ್ನು ಗುರುತಿನ ಮೇಲೆ ಹೇಳಿದ ಎತ್ತರಕ್ಕೆ ಹಿಡಿದು ಪರದೆಯಲ್ಲೇ ತೋರಿಸುವುದು. ಕ್ಯಾಮೆರಾಗೆ ಇರುವುದು ಒಂದೇ ಕಣ್ಣು, ಅದಕ್ಕೇ ಅದು ನಮಗಿಂತ ಬೇಗ ಮೋಸ ಹೋಗುತ್ತದೆ. ಫೋಟೋಗೆ ಮುನ್ನ ಮಗು ಚಿತ್ರದ ಮೇಲೆ ಒಂದು ಸುತ್ತು ನಡೆದು ಬರಲಿ, ಉದ್ದಕ್ಕೆ ಎಳೆದುಹೋದ ಮೊಸಳೆಯ ಮೂತಿಯನ್ನು ಪಕ್ಕದಿಂದ ನೋಡಲಿ. ಆಮೇಲೆ ಪರದೆಯಲ್ಲಿ ಅದೇ ಮೂತಿ ನೆಟ್ಟಗಾಗುವುದು ಕಂಡಾಗ ಅದರ ಮುಖ ನೋಡಿ. ಫೋಟೋದಲ್ಲಿ ಕಾಲಿನ ನೆರಳು ಕೆಲಸ ಕೆಡಿಸುತ್ತದೆ: ಹೊಂಡದ ಮೇಲೆ ತೂಗುತ್ತಿರುವ ಮಗುವಿನ ಪಾದದ ಬುಡದಲ್ಲೇ ನೆರಳು ಬಿದ್ದರೆ ನೆಲ ಅಲ್ಲೇ ಇದೆ ಎಂದು ಗೊತ್ತಾಗುತ್ತದೆ. ಚಿತ್ರದಲ್ಲಿ ಬರೆದ ಹಲಗೆಯೋ ಹಗ್ಗವೋ ಇದ್ದರೆ ಪಾದವನ್ನು ಅದರ ಮೇಲೇ ಇಡಿಸಿ.

ತಲೆಕೆಳಗಾದ ಕೋಣೆಯದು ಇನ್ನೂ ಸುಲಭದ ಗುಟ್ಟು. ಸೋಫಾ, ಮೇಜು, ಪಾತ್ರೆಗಳೆಲ್ಲ ಚಾವಣಿಗೆ ಬಿಗಿದಿರುತ್ತವೆ; ನಿಂತು ಫೋಟೋ ತೆಗೆದು ತಿರುಗಿಸಿದರೆ ನೀವು ಚಾವಣಿಗೆ ಅಂಟಿದ ಹಲ್ಲಿ. ಇಲ್ಲಿ ಕೆಡಿಸುವುದು ಬಟ್ಟೆ. ಫ್ರಾಕು, ದುಪಟ್ಟಾ, ಬಿಟ್ಟ ಜಡೆ ಇವೆಲ್ಲ ನಿಜವಾದ ಕೆಳಗಿಗೇ ಜೋತುಬೀಳುವುದರಿಂದ ತಿರುಗಿಸಿದ ಫೋಟೋದಲ್ಲಿ ಮೇಲಕ್ಕೆ ನಿಂತಿರುತ್ತವೆ. ಪ್ಯಾಂಟು, ಬಿಗಿದು ಕಟ್ಟಿದ ಕೂದಲು ಒಳ್ಳೆಯದು. ಜಡೆ ಮೇಲಕ್ಕೆ ನಿಂತದ್ದನ್ನು ನೋಡಿ ಮಗು ತಾನೇ ಗುಟ್ಟು ಹಿಡಿದರೆ, ಅದು ಫೋಟೋಗಿಂತ ದೊಡ್ಡ ಲಾಭ.

ತಿರುಗುವ ಸುರಂಗ: ಇಲ್ಲಿ ಎಚ್ಚರ

ನಟ್ಟನಡುವೆ ಕಬ್ಬಿಣದ ಸೇತುವೆ, ಸುತ್ತ ಚುಕ್ಕೆ ಬಣ್ಣ ಬಳಿದ ದೊಡ್ಡ ಕೊಳವೆ. ತಿರುಗುವುದು ಕೊಳವೆ ಮಾತ್ರ. ಸೇತುವೆ ಒಂದಿಂಚೂ ಅಲುಗುವುದಿಲ್ಲ. ಆದರೂ ಸೇತುವೆ ವಾಲಿತು ಅನಿಸಿ ಜನ ಕಂಬಿ ಹಿಡಿಯುತ್ತಾರೆ. ಒಳಗಿವಿಯ ಸಮತೋಲನ ಅಂಗ "ನಿಂತಿದ್ದೀ" ಅನ್ನುತ್ತದೆ, ಕಣ್ಣಿನ ಅಂಚಿನವರೆಗೂ ತುಂಬಿಕೊಂಡ ಚಲನೆ "ಉರುಳ್ತಿದ್ದೀ" ಅನ್ನುತ್ತದೆ. ಮಿದುಳು ಕಣ್ಣಿನ ಮಾತು ಕೇಳುತ್ತದೆ.

ಮಕ್ಕಳಲ್ಲಂತೂ ಕಣ್ಣಿನ ಮಾತೇ ಹೆಚ್ಚು ನಡೆಯುವುದು. ಎಡಿನ್‌ಬರೋದಲ್ಲಿ ಡೇವಿಡ್ ಲೀ ಮತ್ತು ಎರಿಕ್ ಆರನ್ಸನ್, ಗೋಡೆ-ಚಾವಣಿ ಮಾತ್ರ ಜರುಗುವ, ನೆಲ ನಿಂತೇ ಇರುವ ಕೋಣೆಯಲ್ಲಿ 13ರಿಂದ 16 ತಿಂಗಳ, ಆಗತಾನೆ ನಡೆಯಲು ಕಲಿತ ಮಕ್ಕಳನ್ನು ನಿಲ್ಲಿಸಿ ನೋಡಿದರು. 1974ರಲ್ಲಿ ಪ್ರಕಟವಾದ ಪ್ರಯೋಗ. ಗೋಡೆ ಜರುಗಿದ ಕಡೆಗೆ ಮಕ್ಕಳು ತೂರಾಡಿದರು, ಕೆಲವರು ಬಿದ್ದೇಬಿಟ್ಟರು. ಏಳೆಂಟು ವರ್ಷದ ಹೊತ್ತಿಗೆ ಈ ಅವಲಂಬನೆ ದೊಡ್ಡವರ ಮಟ್ಟಕ್ಕೆ ಇಳಿಯುತ್ತ ಬರುತ್ತದೆ. ಹಾಗಾಗಿ ನಿಮಗೆ ತಮಾಷೆ ಅನಿಸುವ ಸುರಂಗ ನಿಮ್ಮ ನಾಲ್ಕು ವರ್ಷದ ಮಗುವಿಗೆ ನಿಜಕ್ಕೂ ಬೀಳುವ ಅನುಭವ.

ಮಗುವನ್ನು ಎತ್ತಿಕೊಂಡು ದಾಟುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ನಿಮ್ಮದೇ ಸಮತೋಲನ ಕೈಕೊಡುವ ಜಾಗದಲ್ಲಿ ಕೈಗಳೂ ತುಂಬಿದ್ದರೆ ಹಿಡಿಯಲು ಏನೂ ಉಳಿಯುವುದಿಲ್ಲ. ಮಗು ಮುಂದೆ, ನೀವು ಹಿಂದೆ, ಅದರ ಒಂದು ಕೈ ಕಂಬಿಯ ಮೇಲೆ. ಹೆದರಿದರೆ "ಕಣ್ಣು ಮುಚ್ಚು" ಅನ್ನಿ: ಮುಚ್ಚಿದ ಕ್ಷಣ ಸೇತುವೆ ನಿಲ್ಲುತ್ತದೆ. ಇದೇ ಇಲ್ಲಿಯ ಪಾಠ ಕೂಡ. ಮುಚ್ಚಿ, ತೆರೆದು, ಮತ್ತೆ ಮುಚ್ಚಿ, "ಯಾವಾಗ ತಿರುಗ್ತದೆ?" ಎಂದು ಕೇಳಿ. ಹೊಟ್ಟೆ ತುಂಬ ಬೆಣ್ಣೆ ದೋಸೆ ತಿಂದು ಬಂದ ಕೂಡಲೇ ಸುರಂಗಕ್ಕೆ ಹೋಗಬೇಡಿ. ಬಸ್ಸಿನಲ್ಲಿ ವಾಂತಿ ಮಾಡುವ ಮಗುವಾದರೆ ಇದನ್ನು ಬಿಟ್ಟುಬಿಡಿ, ಇಲ್ಲವೇ ಕೊನೆಗಿಡಿ.

ಮಿಣುಕುವ ದೀಪಗಳ ಕೋಣೆಯ ಬಗ್ಗೆ ಒಂದೇ ಮಾತು. ಮಗುವಿಗೆ ಫಿಟ್ಸ್ ಬಂದ ಇತಿಹಾಸವಿದ್ದರೆ ವೈದ್ಯರನ್ನು ಕೇಳದೆ ಅಲ್ಲಿಗೆ ಒಯ್ಯಬೇಡಿ, ಬಾಗಿಲಲ್ಲೇ ಸಿಬ್ಬಂದಿಯನ್ನು ವಿಚಾರಿಸಿ. ಬೆಳಕು ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಂಚುವುದು ಕೆಲವರಿಗೆ ಅಪಾಯಕಾರಿ.

ಗಾಜಿನ ಕೆಳಗೆ ಕೊನೆಯಿಲ್ಲದ ಬಾವಿಯಂತೆ ದೀಪಗಳು ಇಳಿದು ಹೋಗುವ ಕನ್ನಡಿ ನೆಲ ಇದ್ದರೆ ಹಲವು ಮಕ್ಕಳು ಕಾಲಿಡುವುದಿಲ್ಲ. ಅವರನ್ನು ಪುಕ್ಕಲು ಅನ್ನಬೇಡಿ. 1960ರಲ್ಲಿ ಎಲೀನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ ಪ್ರಕಟಿಸಿದ ಪ್ರಸಿದ್ಧ ಪ್ರಯೋಗದಲ್ಲಿ, ಅಂಬೆಗಾಲಿಡುತ್ತ ಹೊರಟ 27 ಕೂಸುಗಳಲ್ಲಿ ಗಾಜಿನಡಿ ಆಳ ಕಾಣುವ ಕಡೆಗೆ ಹೋದವು 3 ಮಾತ್ರ. ಆಮೇಲಿನ ಇನ್ನೊಂದು ಪ್ರಯೋಗ ಹೆತ್ತವರಿಗೆ ಇನ್ನೂ ಉಪಯುಕ್ತ: ಎದುರಿಗೆ ನಿಂತ ತಾಯಿ ನಗುಮುಖ ಮಾಡಿದಾಗ ಒಂದು ವರ್ಷದ 19 ಮಕ್ಕಳಲ್ಲಿ 14 ದಾಟಿದವು, ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಹಾಗಾಗಿ ಮೊದಲು ನೀವು ದಾಟಿ, ಆ ಕಡೆ ನಿಂತು ಸುಮ್ಮನೆ ನಕ್ಕರೆ ಸಾಕು. ಹಿಂದಿನಿಂದ ದೂಡುವುದು ಬೇಡ.

ಕನ್ನಡಿಗಳು, ಮುಖವಾಡ

ದುಗ್ಗಮ್ಮನ ಜಾತ್ರೆಯಂಥ ಕಡೆ ಸೊಟ್ಟ ಕನ್ನಡಿ ನೋಡಿದ ಮಕ್ಕಳಿಗೆ ಈ ಭಾಗ ಹೊಸದಲ್ಲ. ಕಂಬದ ಮೈಯಂತೆ ಉಬ್ಬಿದ ಕನ್ನಡಿ ಅಗಲವನ್ನು ಕುಗ್ಗಿಸುತ್ತದೆ, ನಾವು ತೆಳ್ಳಗೆ. ಅದೇ ಉಬ್ಬು ಅಡ್ಡಡ್ಡ ಮಲಗಿದ್ದರೆ ಎತ್ತರ ಕುಗ್ಗಿ ಕುಳ್ಳ-ದಪ್ಪ. ಹೊಸ ಸ್ಟೀಲ್ ಸೌಟಿನ ಬೆನ್ನು ಮತ್ತು ಬಟ್ಟಲನ್ನು ಮನೆಯಲ್ಲೇ ತೋರಿಸಿದ್ದರೆ ಮಗು ಇಲ್ಲಿ ನಿಮಗೇ ಪಾಠ ಹೇಳುತ್ತದೆ.

ಎದುರುಬದುರಾದ ಕನ್ನಡಿಗಳ ಕೋಣೆಯಲ್ಲಿ "ಎಷ್ಟು ಜನ ಇದ್ದೀರಿ ಎಣಿಸು" ಅನ್ನಿ. ಎಣಿಕೆ ಮಸುಕಿನಲ್ಲಿ ಕಳೆದುಹೋಗುತ್ತದೆ. ಕನ್ನಡಿ ಪ್ರತಿ ಸಲ ನೂರರಲ್ಲಿ 85 ಪಾಲು ಬೆಳಕು ಹಿಂದಿರುಗಿಸಿದರೂ ಹತ್ತನೇ ಪ್ರತಿಬಿಂಬಕ್ಕೆ ಉಳಿಯುವುದು 20ರಷ್ಟು. ಗಾಜಿಗೆ ತುಸು ಹಸಿರು ಛಾಯೆ ಇರುವುದರಿಂದ ದೂರದವರು ಹಸಿರಾಗುತ್ತಾರೆ. ಕನ್ನಡಿ ಜಟಿಲದಲ್ಲಿ (ದಾರಿ ಹುಡುಕುವ ಕನ್ನಡಿ ಮನೆ) ಓಡಿದ ಮಗು ಮೂಗು ಜಜ್ಜಿಕೊಳ್ಳುವುದು ಖಂಡಿತ. ಎರಡೂ ಅಂಗೈ ಎದೆಯ ಮಟ್ಟಕ್ಕೆ ಮುಂದೆ, ನಡಿಗೆ ಮಾತ್ರ, ಮತ್ತು ಕಣ್ಣು ನೆಲದ ಕಡೆಗೆ: ಎದುರಿನಿಂದ ಇನ್ನೊಂದು ಜೊತೆ ಪಾದ ನಿಮ್ಮತ್ತ ಬಂದರೆ ಅದು ಕನ್ನಡಿ.

ಒಳಗುಳಿಯಾದ ಮುಖವಾಡ ಉಬ್ಬಿದಂತೆ ಕಂಡು, ನಾವು ಸರಿದ ಕಡೆಗೆಲ್ಲ ತಿರುಗುವುದು ಕೆಲವು ಮಕ್ಕಳಿಗೆ ದಿಗಿಲು. ಮುಖ ಅಂದರೆ ಉಬ್ಬೇ ಎಂಬ ಮಿದುಳಿನ ಹಟ ಅದಕ್ಕೆ ಕಾರಣ. ಹತ್ತಿರ, ಒಂದು ಮೀಟರಿನೊಳಗೆ, ಎರಡೂ ಕಣ್ಣಲ್ಲಿ ನೋಡಿದರೆ ಗುಳಿ ಗುಳಿಯಾಗಿಯೇ ಕಾಣುತ್ತದೆ. ಹೆದರಿದ ಮಗುವನ್ನು ದೂರ ಕರೆದೊಯ್ಯುವ ಬದಲು ಹತ್ತಿರ ಕರೆದೊಯ್ಯಿರಿ.

ಕೆಂಪು-ನೀಲಿ ಕನ್ನಡಕದ ಚಿತ್ರಗಳಲ್ಲಿ ಎಲ್ಲ ಮಕ್ಕಳಿಗೂ ಎದ್ದು ಕಂಡು ನಿಮ್ಮ ಮಗುವಿಗೆ ಮಾತ್ರ ಚಪ್ಪಟೆ ಕಂಡರೆ, ಬೇರೆ ಬೇರೆ ಚಿತ್ರದಲ್ಲೂ ಹಾಗೇ ಆದರೆ, ಊರಿಗೆ ಬಂದು ಕಣ್ಣಿನ ವೈದ್ಯರಿಗೆ ತೋರಿಸಿ. ಎರಡು ಕಣ್ಣು ಜತೆಯಾಗಿ ಕೆಲಸ ಮಾಡದಿರುವುದರ ಸುಳಿವು ಅದಾಗಿರಬಹುದು. ಮಂದಗಣ್ಣಿಗೆ ಚಿಕ್ಕಂದಿನಲ್ಲೇ ಚಿಕಿತ್ಸೆ ಕೊಟ್ಟಷ್ಟು ಒಳ್ಳೆಯದು.

ಹೊತ್ತು, ದುಡ್ಡು, ಸರದಿ

ಐದರೊಳಗಿನ ಮಗುವಿಗೆ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಎಲ್ಲವನ್ನೂ ನೋಡಲೇಬೇಕೆಂಬ ಹಟ ಬಿಡಿ, ಎಂಟು-ಹತ್ತು ಸಾಕು. ಬೆಳಗ್ಗೆ ದಾವಣಗೆರೆ ಬಿಟ್ಟು ಮಧ್ಯಾಹ್ನ ತಲುಪಿ ನೇರ ಒಳಗೆ ನುಗ್ಗುವುದು ಯಾರಿಗೂ ಒಳ್ಳೆಯದಲ್ಲ: ಪ್ರಯಾಣದ ದಣಿವು, ನಿದ್ದೆಯ ಹೊತ್ತು, ಅದರ ಮೇಲೆ ಕತ್ತಲೆ ಕೋಣೆ. ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ಉಳಿದು, ವಾರದ ನಡುವೆ, ಬಾಗಿಲು ತೆರೆದ ಹೊತ್ತಿಗೇ ಹೋಗುವುದು ಉತ್ತಮ. ದಸರಾ ರಜೆ, ಏಪ್ರಿಲ್-ಮೇ ತಿಂಗಳ ಶನಿವಾರ-ಭಾನುವಾರಗಳಲ್ಲಿ ಸೊಟ್ಟ ಕೋಣೆಯ ಮುಂದೆ ಸಾಲು ನಿಲ್ಲುತ್ತದೆ, ಮೇಲೆ ಹೇಳಿದ ನಿಧಾನದ ಕ್ರಮ ಒಂದೂ ಸಾಧ್ಯವಾಗದು. ಟಿಕೆಟ್ ಕೆಲವೆಡೆ ವಯಸ್ಸಿನ ಮೇಲೆ, ಕೆಲವೆಡೆ ಎತ್ತರದ ಮೇಲೆ. ಕೊಳ್ಳುವ ಮುನ್ನ ಕೇಳಿ. ಕನ್ನಡಿ ನೆಲದ ಕೋಣೆಗಳಿಗೆ ಚಪ್ಪಲಿ ಬಿಡಿಸುವುದುಂಟು, ಸಾಕ್ಸ್ ಇರಲಿ.

ಒಳಗೆ ಹೋದ ಕೂಡಲೇ ಮೈ ತೊಡಗಿಸುವ ಆಟಗಳು ಮೊದಲು: ಸೊಟ್ಟ ಕೋಣೆ, ನೆಲದ ಚಿತ್ರ. ಆಮೇಲೆ ಕನ್ನಡಿಗಳು. ಗೋಡೆಗೆ ತೂಗು ಹಾಕಿದ ಚೌಕಟ್ಟಿನ ಚಿತ್ರಗಳನ್ನು ಮಗು ಕೇಳಿದರೆ ಮಾತ್ರ. ಸುರಂಗ ಕೊನೆಗೆ, ಬಾಗಿಲ ಹತ್ತಿರ. ಜೇಬಿನಲ್ಲಿ ದರ್ಜಿಯ ಟೇಪು ಒಂದಿರಲಿ. "ಯಾವುದು ಉದ್ದ" ಎಂಬ ಜಗಳವನ್ನು ಅಲ್ಲೇ ಅಳೆದು ಬಗೆಹರಿಸುವುದಕ್ಕೆ ಅದಕ್ಕಿಂತ ದೊಡ್ಡ ನ್ಯಾಯಾಧೀಶರಿಲ್ಲ.

ಖಾಸಗಿ ಮ್ಯೂಸಿಯಂಗಳ ಟಿಕೆಟ್ ಭಾರ ಅನಿಸಿದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಮೋಜಿನ ವಿಜ್ಞಾನದ ವಿಭಾಗವಿದೆ. ಅಲ್ಲಿ ಮುಟ್ಟಿ, ತಿರುಗಿಸಿ ನೋಡುವುದಕ್ಕೇ ಆದ್ಯತೆ. ಬೆಂಗಳೂರೇ ಬೇಡ ಅನ್ನುವವರಿಗೆ ಹಂಪಿ. ವಿರೂಪಾಕ್ಷ ದೇವಸ್ಥಾನದ ಹಿಂಬದಿಯ ಕತ್ತಲೆ ಕೋಣೆಯ ಗೋಡೆಯ ಮೇಲೆ ದೊಡ್ಡ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಸಣ್ಣ ಕಿಂಡಿಯಲ್ಲಿ ಬೆಳಕಿನ ಗೆರೆಗಳು ಒಂದನ್ನೊಂದು ದಾಟಿ ಬರುವುದರಿಂದ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ನಮ್ಮ ಕಣ್ಣಿನೊಳಗೂ ಚಿತ್ರ ಬೀಳುವುದು ಹೀಗೇ.

ಮನೆಗೆ ಬಂದ ಮೇಲೆ

ಗಾಜಿನ ಅಂಗಡಿಯಲ್ಲಿ 15×10 ಸೆಂ.ಮೀ. ಅಳತೆಯ ಎರಡು ಕನ್ನಡಿ ತುಂಡು ಕತ್ತರಿಸಿಕೊಡಲು ಹೇಳಿ. ಅಂಚನ್ನು ಉಜ್ಜಿಸಿಯೇ ತನ್ನಿ. ಐದರೊಳಗಿನವರ ಕೈಗಾದರೆ ಅಕ್ರಿಲಿಕ್ ಕನ್ನಡಿ. ಎರಡನ್ನೂ ಮುಖ ಕೆಳಗಾಗಿ, ಕನ್ನಡಿಯ ದಪ್ಪದ ಎರಡರಷ್ಟು ಸಂದು ಬಿಟ್ಟು ಪಕ್ಕಪಕ್ಕ ಮಲಗಿಸಿ, ಬೆನ್ನಿಗೆ ಅಗಲ ಟೇಪು ಹಚ್ಚಿ. ಸಂದು ಬಿಡದಿದ್ದರೆ ಪುಸ್ತಕದಂತೆ ಮಡಿಸಲು ಬರುವುದಿಲ್ಲ. ನೆಟ್ಟಗೆ ನಿಲ್ಲಿಸಿ ನಡುವೆ ಒಂದು ಹುಣಸೆ ಬೀಜ ಇಡಿ. ಕೋನ 90 ಡಿಗ್ರಿ ಇದ್ದರೆ ಬೀಜ ಸೇರಿ ನಾಲ್ಕು, 60ಕ್ಕೆ ಆರು, 45ಕ್ಕೆ ಎಂಟು. 360ನ್ನು ಕೋನದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು. ಮ್ಯೂಸಿಯಂನಲ್ಲಿ ಒಬ್ಬರೇ ಕೂತರೂ ಮೇಜಿನ ಸುತ್ತ ಐದು ಜನ ಕಂಡಿದ್ದರಲ್ಲ, ಅಲ್ಲಿ ಕನ್ನಡಿಗಳ ಕೋನ 72. ಆ ಕೋನದಲ್ಲಿ ಮಾತ್ರ ನಟ್ಟನಡುವೆಯೇ ಕೂರಬೇಕು. ಒಂದು ಬದಿಗೆ ಸರಿದರೆ ಹಿಂದಿನ ಬಿಂಬಗಳು ಹೊಂದಿಕೊಳ್ಳುವುದಿಲ್ಲ. 80 ಡಿಗ್ರಿಯಂಥ, 360ಕ್ಕೆ ಸರಿಯಾಗಿ ಭಾಗ ಹೋಗದ ಕೋನ ಹಿಡಿದರೆ ಕೊನೆಯ ಬೀಜ ಅರ್ಧಕ್ಕೇ ಕತ್ತರಿಸಿಹೋಗುತ್ತದೆ.

ಬೀಜದ ಜಾಗದಲ್ಲಿ ರಂಗೋಲಿಯ ಒಂದೇ ಎಸಳು ಬರೆದು 60 ಡಿಗ್ರಿಗೆ ಕನ್ನಡಿ ನಿಲ್ಲಿಸಿದರೆ ಆರೆಸಳಿನ ಹೂವು. ಎಸಳಿನ ಎರಡು ಅಂಚೂ ಕನ್ನಡಿಯ ಬುಡಕ್ಕೆ ತಾಗಿರಬೇಕು, ಇಲ್ಲದಿದ್ದರೆ ಎಸಳುಗಳ ನಡುವೆ ಬಿರುಕು ಕಾಣುತ್ತದೆ.